ಕಿಲೋಮೀಟರ್ ಕಾಕಾ

ಹೊಸ ಕನ್ನಡಿಗರು ಯಾರಾದರೂ ಪುಣೆಗೆ ಬಂದರೆ ನಾವೆಲ್ಲ ಮೊದಲು ಕೇಳುವುದು ಯಾವ ಊರು ಅಂತ. ಕೋಥ್ರೂಡಿನ ನಮ್ಮ ಸೊಸೈಟಿಯ ಕಿಲೋಮೀಟರ್ ಕಾಕಾ ಮಾತ್ರ ಬಂದವರ ಮುಖ ನೋಡುವುದಿಲ್ಲ. ಅವರ ಕಾರಿನ ಕಿಟಕಿಗೆ ಹಣೆ ಹಚ್ಚಿ ಡ್ಯಾಶ್‌ಬೋರ್ಡ್ ನೋಡುತ್ತಾರೆ. ಆಮೇಲೆ ಪ್ರಶ್ನೆ: "ಎಷ್ಟ ಓಡ್ಯದ್ರಿ?"

ಇವರು ಒಬ್ಬರೇ ಅಂತ ತಿಳಿಯಬೇಡಿ. ಪಾರ್ಕಿಂಗ್ ಇರುವ ಪ್ರತಿ ಸೊಸೈಟಿಯಲ್ಲೂ ಒಬ್ಬೊಬ್ಬರು ಇದ್ದೇ ಇರುತ್ತಾರೆ. ನಮ್ಮವರು ಬೆಳಗಾವಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರು ಅನ್ನುವುದಷ್ಟೇ ವಿಶೇಷ. ಬ್ಯಾಂಕು ಇವರನ್ನು ಬಿಟ್ಟಿತು, ಲೆಡ್ಜರನ್ನು ಇವರು ಬಿಡಲಿಲ್ಲ. ಕಾರಿನ ಖಾನೆಯಲ್ಲಿ ಕೆಂಪು ರಟ್ಟಿನ ಉದ್ದನೆಯ ನೋಟ್‌ಬುಕ್ಕು, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಬಿಗಿದ ಪೆನ್ನು. ಕಾಲಮ್ಮು ಐದು: ದಿನಾಂಕ, ರೀಡಿಂಗ್, ಲೀಟರ್, ರೂಪಾಯಿ, ಶರಾ. ಪಂಪಿನಲ್ಲಿ ನಳಿಗೆ ತಾನಾಗಿ ಟಕ್ ಅಂದಮೇಲೆ ಒಂದು ಹನಿ ಹೆಚ್ಚು ಹಾಕಕೂಡದು, ಹಾಕಿದರೆ ಲೆಕ್ಕ ಕೆಡುತ್ತದೆ. ಚಿಲ್ಲರೆ ಬೇಡವೆಂದು ರೌಂಡ್ ಫಿಗರ್ ಮಾಡಲು ಹೋದ ಹುಡುಗನೊಬ್ಬನಿಗೆ ಇವರು ಮಾಡಿದ ಭಾಷಣದ ಹೊತ್ತಿಗೆ ಹಿಂದಿನ ಸಾಲು ರಸ್ತೆಗೆ ಬಂದಿತ್ತು.

ಆ ನೋಟ್‌ಬುಕ್ಕಿನಲ್ಲಿ ಓದಬೇಕಾದದ್ದು ಅಂಕಿ ಅಲ್ಲ, ಶರಾ. "ತಮ್ಮನ ಮಗನ ಮುಂಜಿವಿ. ಬೆಳಗಾವಿ. ಊಟ ಸಾಧಾರಣ." "ಸೋಲಾಪುರ, ಸಾಲ ವಸೂಲಿ. ಆಗಲಿಲ್ಲ." ಒಂದು ವರ್ಷ ರನ್ನಿಂಗ್ ಇದ್ದಕ್ಕಿದ್ದಂತೆ ದುಪ್ಪಟ್ಟಾಗಿದೆ, ಶರಾದಲ್ಲಿ ಬರೀ ಧಾರವಾಡ, ಧಾರವಾಡ. ಹೊಲದ ಪಾಲಿನ ಕೇಸು. ಮರುವರ್ಷ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಕೇಸು ಮುಗಿಯಿತೇ ಅಂತ ಕೇಳಿದೆ. "ಮುಗೀತು. ಗೆದ್ದೆ. ಈಗ ಅಣ್ಣತಮ್ಮಂದಿರು ಮಾತಾಡಂಗಿಲ್ಲ, ಊರಿಗೆ ಹೋಗೂ ಪ್ರಸಂಗನ ಇಲ್ಲ."

ಒಬ್ಬ ಮನುಷ್ಯ ವರ್ಷಕ್ಕೆ ಎಷ್ಟು ಗಾಡಿ ಓಡಿಸುತ್ತಾನೆ ಅನ್ನುವುದರ ಬಗ್ಗೆ ಕಾಕಾರದ್ದು ಒಂದು ಸಿದ್ಧಾಂತವೇ ಇದೆ: "ರನ್ನಿಂಗ್ ಅನ್ನೂದು ರಸ್ತಾದ ಮ್ಯಾಲಿಲ್ಲ, ಬೀಗರ ಮ್ಯಾಲದ." ಈ ಸಿದ್ಧಾಂತಕ್ಕೆ ಅವರು ಲಕ್ಷ ರೂಪಾಯಿ ತೆತ್ತಿದ್ದಾರೆ. ಕಾರು ಕೊಳ್ಳುವಾಗ ಮಗಳಿಗೆ ಹುಬ್ಬಳ್ಳಿಯ ವರ ಗೊತ್ತಾಗುವ ಅಂದಾಜಿತ್ತು. ಹಬ್ಬ, ಬಾಣಂತನ, ಮೊಮ್ಮಗನ ಜವಳ ಎಲ್ಲ ಕೂಡಿಸಿ ವರ್ಷಕ್ಕೆ ಹದಿನೈದು ಸಾವಿರಕ್ಕೆ ಮೋಸವಿಲ್ಲ ಎಂದು ಲೆಕ್ಕ ಹಾಕಿ, ಪೆಟ್ರೋಲಿಗಿಂತ ಲಕ್ಷದಷ್ಟು ಹೆಚ್ಚು ಕೊಟ್ಟು ಡೀಸೆಲ್ ಗಾಡಿ ತಂದರು. ಮಗಳು ಔಂಧಿನ ಹುಡುಗನನ್ನು ಮೆಚ್ಚಿದಳು. ಔಂಧ್ ಎಂದರೆ ಇಲ್ಲಿಂದ ಎಂಟೊಂಬತ್ತು ಕಿಲೋಮೀಟರ್. ಹುಡುಗ ಚಿನ್ನದಂಥವನು, ಕಾಕಾ ಒಪ್ಪುತ್ತಾರೆ. ಆದರೆ ಡೀಸೆಲಿನ ದುಡ್ಡು ಹುಟ್ಟಲಿಲ್ಲ.

ಬೆಳಗಿನ ವಾಕಿಂಗಿಗೆ ಅವರು ಹತ್ತುವುದು ವೇತಾಳ ಟೇಕಡಿ. ಅದರ ಮಗ್ಗುಲಲ್ಲೇ ಎಆರ್‌ಎಐ, ಅಂದರೆ 1966ರಲ್ಲಿ ಶುರುವಾದ, ದೇಶದ ವಾಹನಗಳ ಮೈಲೇಜಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆ. ಜಾಹೀರಾತಿನಲ್ಲಿ ಲೀಟರಿಗೆ ಇಷ್ಟು ಎಂದು ಬರುವ ಅಂಕಿಗೆ ಎಷ್ಟೋ ಸಲ ಈ ಗುಡ್ಡವೇ ತವರು. ಕಾಕಾ ಆ ಗೇಟಿನ ಎದುರು ನಿಂತು ಒಂದು ನಿಟ್ಟುಸಿರು ಬಿಡದೆ ಮುಂದೆ ಹೋಗುವುದಿಲ್ಲ. "ಒಳಗ ಗಾಡಿ ರೋಲರ್ ಮ್ಯಾಲೆ ನಿಂತಲ್ಲೇ ಓಡತದ. ಕರ್ವೆ ರೋಡಿನ್ಯಾಗ ನಿಂತಲ್ಲೇ ನಿಂದರತದ. ಎರಡೂ ಕಡೆ ಗಾಡಿ ಮುಂದ ಹೋಗಂಗಿಲ್ಲ. ಮತ್ತ ಮೈಲೇಜ್ ಹ್ಯಾಂಗ ಬ್ಯಾರೆ ಬ್ಯಾರೆ?"

ಟ್ರಾಫಿಕ್ಕಿನಲ್ಲೂ ಅವರಿಗೊಂದು ಅಭಿಮಾನದ ಪ್ರಶ್ನೆ ಇದೆ. ಟಾಮ್‌ಟಾಮ್ ಕಂಪನಿಯ 2024ರ ಪಟ್ಟಿಯಲ್ಲಿ ಹತ್ತು ಕಿಲೋಮೀಟರ್ ಹೋಗಲು ಪುಣೆಗೆ 33 ನಿಮಿಷ 22 ಸೆಕೆಂಡು, ಬೆಂಗಳೂರಿಗೆ 34 ನಿಮಿಷ 10 ಸೆಕೆಂಡು. ನಿಧಾನದಲ್ಲಿ ಆ ವರ್ಷ ಜಗತ್ತಿಗೆ ಬೆಂಗಳೂರು ಮೂರನೆಯದು, ಪುಣೆ ನಾಲ್ಕನೆಯದು. ಉಂಡ ಮನೆಯ ಪಕ್ಷ ವಹಿಸಬೇಕೋ ಹುಟ್ಟಿದ ರಾಜ್ಯದ್ದೋ ತಿಳಿಯದೆ ಕಾಕಾ ಎರಡು ದಿನ ಒದ್ದಾಡಿದರು. ಅಮೆರಿಕದಲ್ಲಿರುವ ಅಕ್ಕನ ಮಗ, ಅಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸರಾಸರಿ ಹದಿಮೂರೂವರೆ ಸಾವಿರ ಮೈಲಿ ಓಡಿಸುತ್ತಾರೆ ಅಂದ. ಅಂದರೆ 21,000 ಕಿಲೋಮೀಟರಿನ ಮೇಲಾಯಿತು. ಕಾಕಾ ಬೆರಗಾಗಲಿಲ್ಲ, ಕ್ಯಾಲ್ಕುಲೇಟರ್ ತೆಗೆದರು. ಪುಣೆಯ ವೇಗದಲ್ಲಿ ಅಷ್ಟು ದೂರ ಓಡಿಸಲು ಹಗಲುರಾತ್ರಿ ಕಣ್ಣು ಮುಚ್ಚದೆ ಐವತ್ತು ದಿನ ಬೇಕು. "ಅವರಿಗೆ ಹಾಲಿನ ಪಾಕೀಟೂ ಕಾರಿನ್ಯಾಗ. ನಮಗ ಗೇಟಿನ್ಯಾಗ ಅಂಗಡಿ ಅದ. ದೊಡ್ಡಸ್ತನ ಏನ ಬಂತು?" ಪಕ್ಕದ ಗಲ್ಲಿಯಲ್ಲಿ ಕ್ಯಾಬ್ ಓಡಿಸುವ ಹುಡುಗನನ್ನು ಮಾತ್ರ ಅವರು ನಮಸ್ಕರಿಸುವ ಭಾವದಲ್ಲಿ ನೋಡುತ್ತಾರೆ. ಮುಂಬೈ ವಿಮಾನ ನಿಲ್ದಾಣಕ್ಕೆ ಹೋಗಿಬಂದರೆ ಮುನ್ನೂರು ಕಿಲೋಮೀಟರ್. ಇವರ ವರ್ಷದ ರನ್ನಿಂಗ್ ಅವನಿಗೆ ಇಪ್ಪತ್ತೈದು ದಿನದ ಕೆಲಸ.

ಇಷ್ಟರವರೆಗೆ ಎಲ್ಲ ಸುಖವಾಗಿಯೇ ಇತ್ತು. ಗೊಂದಲ ಶುರುವಾದದ್ದು ಎರಡು ಉಳಿತಾಯ ಒಟ್ಟಿಗೆ ಬಂದಾಗ. ಓಡಿಸಿದಷ್ಟಕ್ಕೇ ವಿಮೆ ಕಟ್ಟುವ ಪದ್ಧತಿಗೆ ವಿಮಾ ನಿಯಂತ್ರಕರು 2022ರಲ್ಲಿ ದಾರಿ ಬಿಟ್ಟಿದ್ದರಲ್ಲ, ಕಾಕಾ ಅದನ್ನು ಹಿಡಿದು 7,500 ಕಿಲೋಮೀಟರಿನ ಸ್ಲ್ಯಾಬ್ ತಗೊಂಡರು. ಅಷ್ಟರೊಳಗೆ ಓಡಿಸಿದರೆ ರಿಯಾಯಿತಿ. 2025ರ ಆಗಸ್ಟ್ 15ಕ್ಕೆ ಹೆದ್ದಾರಿಯ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು: ಆಗ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಟೋಲು, ಯಾವುದು ಮೊದಲೋ ಅದು. ಸಂಭ್ರಮದಲ್ಲಿ ಅದನ್ನೂ ಕೊಂಡರು. ರಾತ್ರಿ ಊಟವಾದ ಮೇಲೆ ಹೊಳೆಯಿತು. ವಿಮೆ ಓಡಿಸಬೇಡ ಅನ್ನುತ್ತದೆ, ಪಾಸು ಓಡಿಸು ಅನ್ನುತ್ತದೆ.

ಲೆಕ್ಕ ನಡೆಯಿತು. ಬೆಳಗಾವಿಗೆ ಹೋಗುವಾಗ ಖೇಡ್ ಶಿವಾಪುರ, ಆನೇವಾಡಿ, ತಾಸವಡೆ, ಕಿಣಿ, ಕೊಗನೋಳಿ, ಹತ್ತರಗಿ: ಆರು ಟೋಲು. ಹೋಗಿಬರಲು ಹನ್ನೆರಡು, ದೂರ ಸುಮಾರು 680 ಕಿಲೋಮೀಟರ್. ಹದಿನಾರು ಸಲ ಹೋಗಿಬಂದರೂ ಪಾಸಿನಲ್ಲಿ ಎಂಟು ಟೋಲು ಉಳಿದೇ ಉಳಿಯುತ್ತವೆ, ಗಾಡಿ ಮಾತ್ರ ಹನ್ನೊಂದು ಸಾವಿರದ ಹತ್ತಿರ. ಟೋಲಿಗೆ ದೂರ ಕಡಿಮೆ ಬೀಳುವ ಜಾಗ ಹುಡುಕಿದರು. ಖೇಡ್ ಶಿವಾಪುರ ದಾಟಿ ಕೇತಕಾವಳೆಯ ಬಾಲಾಜಿ ಗುಡಿ: ಹೋಗಿಬರಲು ತೊಂಬತ್ತು ಕಿಲೋಮೀಟರ್, ಎರಡು ಟೋಲು. ಟೋಲಿಗೆ ನಲವತ್ತೈದು. ಬೆಳಗಾವಿಗಿಂತ ಅಗ್ಗ, ಪುಣ್ಯ ಬೇರೆ. ಆದರೆ ಇನ್ನೂರಕ್ಕೆ ಒಂಬತ್ತು ಸಾವಿರ. ಬಾಲಾಜಿಯೂ ಕೈಬಿಟ್ಟ. ಮುಂಬೈ ಕಡೆ ತಿರುಗೋಣವೆಂದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಈ ಪಾಸು ನಡೆಯುವುದಿಲ್ಲ.

ವಿಮೆಯ ವರ್ಷ ಮುಗಿಯಲು ಒಂದು ತಿಂಗಳಿದ್ದಾಗ ಹುಬ್ಬಳ್ಳಿಯಲ್ಲಿ ಮದುವೆ ಬಂತು, ಸ್ಲ್ಯಾಬಿನಲ್ಲಿ ಉಳಿದದ್ದು ಇನ್ನೂರು ಚಿಲ್ಲರೆ ಕಿಲೋಮೀಟರ್. ಕಾಕಾ ಕಾರಿಗೆ ಕವರ್ ಹಾಕಿ, ವಂದೇ ಭಾರತ್ ರೈಲು ಹತ್ತಿದರು. ಇಬ್ಬರ ಟಿಕೀಟಿಗೆ ಆದ ಖರ್ಚು ವಿಮೆಯ ರಿಯಾಯಿತಿಗಿಂತ ಹೆಚ್ಚು ಅನ್ನುವುದನ್ನು ಅವರ ಹೆಂಡತಿ ಕಾಕೂ ಎಲ್ಲರೆದುರೇ ಹೇಳಿದರು. ನೋಟ್‌ಬುಕ್ಕಿನಲ್ಲಿ ಆ ಪ್ರಯಾಣಕ್ಕೂ ಒಂದು ಸಾಲಿದೆ. ಶರಾ: "ಗಾಡಿ ವಿಶ್ರಾಂತಿ."

ಕಾಕೂ ಅವರದ್ದೂ ಒಂದು ಸ್ಕೂಟರ್ ಇದೆ. ಮಂಡಿಯಿಂದ ತರಕಾರಿ, ಬ್ಯಾಂಕು, ಗ್ಯಾಸಿನ ದೂರು, ಕಾಕಾರ ಬಿಪಿ ಗುಳಿಗೆ, ಗಣೇಶನಗರದ ಕನ್ನಡ ಶಾಲೆಯ ಕಾರ್ಯಕ್ರಮ, ವಾರಕ್ಕೆ ಮೂರು ಸಲ ಔಂಧಿನ ಮೊಮ್ಮಗ, ಎಲ್ಲ ಅದರ ಮೇಲೆಯೇ. ಮೀಟರಿನ ಕೇಬಲ್ ಹರಿದು ವರ್ಷಗಳಾದವು. ಮುಳ್ಳು ಸೊನ್ನೆಯಲ್ಲಿ, ಅಂಕಿ 38,416ರಲ್ಲಿ ನಿಂತಿದೆ. ರಿಪೇರಿ ಮಾಡಿಸಿರಿ ಅಂದರೆ ಕಾಕಾ, "ಅದು ಬರೇ ಲೋಕಲ್ಲು, ಅದೆಂಥಾ ರನ್ನಿಂಗು" ಅನ್ನುತ್ತಾರೆ. ಸ್ಕೂಟರಿನ ಟಯರು ಎರಡು ಸಲ ಸವೆದು ಬದಲಾಗಿವೆ. ಕಾರಿನ ಟಯರು ಸವೆದಿಲ್ಲ, ವಯಸ್ಸಾಗಿ ಬಿರಿದಿವೆ.

ಕೋಥ್ರೂಡಿನ ಕಡೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರು ಯಾರಾದರೂ ಇದ್ದರೆ ಕಾಕಾರನ್ನು ಬಂದು ಕಾಣಬಹುದು. ಓಡಿದ್ದು ಕಡಿಮೆ, ದಾಖಲೆ ಪಕ್ಕಾ, ಮೀಟರ್ ತಿರುಚಿದ ಭಯವಿಲ್ಲ. ಪಾಸಿನಲ್ಲೂ ನೂರಕ್ಕೂ ಹೆಚ್ಚು ಟೋಲು ಹಾಗೇ ಉಳಿದವು. ಸ್ಕೂಟರ್ ಮಾತ್ರ ಕೇಳಬೇಡಿ, ಅದಕ್ಕೆ ಪುರಸೊತ್ತಿಲ್ಲ.