ಹಂಸಭಾವಿಯ ಡಾಲರ್ ಸಾಹುಕಾರರಿಗೆ ಬಹಿರಂಗ ಪತ್ರ

ಮಾನ್ಯ ಡಾಲರ್ ಸಾಹುಕಾರರೇ,

ಚಹಾದಂಗಡಿ ಬೆಂಚಿನ ಮೇಲೆ ಕೂತು, ಮೊಬೈಲಿನಲ್ಲಿ ಯುರೋ ಏರಿಸಿ ಯೆನ್ ಇಳಿಸುವ ನಿಮ್ಮನ್ನು ಕಂಡು ಧನ್ಯನಾದವ ನಾನು. ಗೋವಿನಜೋಳದ ರೇಟು ಕೇಳಲು ಹಿರೇಕೆರೂರಿಗೆ ಫೋನು ಹಚ್ಚುವ ನಮ್ಮಂಥವರಿಗೆ ಅಮೆರಿಕದ ಬಡ್ಡಿ ದರ ತಿಳಿಯುವುದು ನಿಮ್ಮಿಂದಲೇ.

ನಿಮ್ಮ ತೆರಿಗೆ ಶಾಸ್ತ್ರ ಮಾತ್ರ ಇನ್ನೂ ನನ್ನ ತಲೆಗೆ ಹತ್ತಿಲ್ಲ. ‘ಆ್ಯಪ್ ಹೊರದೇಶದ್ದು, ಐಟಿಯವರಿಗೇನು ಸಂಬಂಧ?’ ಅಂತೀರಿ. ಇಲ್ಲಿ ವಾಸವಿದ್ದವನ ಗಳಿಕೆ ಯಾವ ದೇಶದಲ್ಲಿ ಹುಟ್ಟಿದರೂ ಇಲ್ಲಿಯೇ ಲೆಕ್ಕಕ್ಕೆ ಬರುತ್ತದೆ; ದಂಧೆ ಕಾನೂನುಬಾಹಿರವಾದರೂ ಲಾಭದ ಮೇಲಿನ ತೆರಿಗೆ ಬಿಡುವುದಿಲ್ಲ. ಇರಲಿ, ಇದನ್ನೆಲ್ಲ ಹೇಳಿ ನಿಮ್ಮ ಟ್ರೇಡ್ ಕೆಡಿಸಲಾರೆ.

ನನಗೆ ಬಹಳ ಹಿಡಿಸಿದ್ದು ನಿಮ್ಮ ಕೃಷಿ. ಆರು ಲಕ್ಷ ಲಾಭ ಬಂತೆನ್ನಿ; ಅದನ್ನು ಕೃಷಿ ಆದಾಯ ಎಂದು ಬರೆದು ಕೈತೊಳೆದುಕೊಳ್ಳುತ್ತೀರಿ. ಗೋವಿನಜೋಳದ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಅಂದರೆ ಬೀಜ, ಗೊಬ್ಬರ, ಆಳಿನ ಪಗಾರ ಯಾವುದನ್ನೂ ಕಳೆಯದೆ 250 ಕ್ವಿಂಟಲ್! ಕೃಷಿ ಆದಾಯ ಐದು ಲಕ್ಷ ದಾಟಿದರೆ ರಿಟರ್ನ್ ಫಾರ್ಮು ಕೇಳುತ್ತದೆ: ಹೊಲ ಯಾವ ಜಿಲ್ಲೆ, ಪಿನ್ ಕೋಡ್ ಎಷ್ಟು, ಎಷ್ಟು ಎಕರೆ, ಸ್ವಂತದ್ದೋ ಲಾವಣಿಯದೋ, ನೀರಾವರಿಯೋ ಮಳೆಯಾಶ್ರಿತವೋ. ನಿಮ್ಮ ಉತಾರದಲ್ಲಿರುವುದು ಅಪ್ಪನ ಹೆಸರಿನ ಎರಡು ಎಕರೆ. ಅಷ್ಟರಲ್ಲಿ ಇಷ್ಟು ಬೆಳೆದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕಿತ್ತು.

ಇದಕ್ಕಿಂತ ತಮಾಷೆ ಇನ್ನೊಂದಿದೆ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಟ್ರೇಡಿಂಗ್ ಆದಾಯಕ್ಕೆ ತೆರಿಗೆಯೇ ಇಲ್ಲ. ಕಟ್ಟಬೇಕಿಲ್ಲದ ತೆರಿಗೆಯನ್ನು ತಪ್ಪಿಸಿಕೊಳ್ಳಲು ಇಷ್ಟೊಂದು ಬಿತ್ತನೆ!

ನಷ್ಟದ ಮಾತು ಎತ್ತಬಾರದಿತ್ತು, ಎತ್ತುತ್ತೇನೆ. ಎನ್‌ಎಸ್‌ಇಯಂಥ ಮಾನ್ಯ ವಿನಿಮಯ ಕೇಂದ್ರದಲ್ಲಿ ಆದ ಕರೆನ್ಸಿ ನಷ್ಟವನ್ನು ವ್ಯಾಪಾರದ ನಷ್ಟವೆಂದು ಐಟಿಆರ್-3ರಲ್ಲಿ ವೇಳೆಗೆ ಸರಿಯಾಗಿ ತೋರಿಸಿದರೆ, ಮುಂದಿನ 8 ವರ್ಷದ ವ್ಯಾಪಾರದ ಲಾಭದಲ್ಲಿ ವಜಾ ಮಾಡಿಕೊಳ್ಳಬಹುದು. ಬ್ರೋಕರೇಜು, ಇಂಟರ್‌ನೆಟ್ ಬಿಲ್ಲನ್ನೂ ಖರ್ಚಿಗೆ ಹಾಕಬಹುದು. ಸರ್ಕಾರ ಹೀಗೆ ಕೈಚಾಚಿ ಕೇಳುವ ನಷ್ಟವನ್ನು ನೀವು ಹೆಂಡತಿಗೂ ಹೇಳುವುದಿಲ್ಲ, ಸರ್ಕಾರಕ್ಕೂ ಹೇಳುವುದಿಲ್ಲ.

ಹೊರದೇಶದ ಆ್ಯಪಿನಲ್ಲಿ ಕಳೆದದ್ದನ್ನು ತೋರಿಸಲು ಹೋದರೆ ಕಥೆ ಬೇರೆ. ವಿದೇಶಿ ವಿನಿಮಯ ಕಾನೂನಾದ ಫೆಮಾದ ಉಲ್ಲಂಘನೆಯನ್ನು ಕೈಯಾರೆ ಬರೆದು ಸಹಿ ಮಾಡಿಕೊಟ್ಟಂತೆ. ದಂಡ ಆ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ರಿಸರ್ವ್ ಬ್ಯಾಂಕು 2022ರ ಸೆಪ್ಟೆಂಬರಿನಲ್ಲೇ ಇಂಥ 34 ಹೆಸರುಗಳ ಎಚ್ಚರಿಕೆ ಪಟ್ಟಿ ಹೊರಡಿಸಿತ್ತು, ಆಮೇಲೆ ಅದು ಉದ್ದವಾಗುತ್ತಲೇ ಹೋಯಿತು. ನೀವು ಪಟ್ಟಿ ನೋಡಿದಿರಿ, ಯಾವ ಆ್ಯಪ್ ಜೋರಾಗಿ ನಡೆಯುತ್ತಿದೆ ಎಂದು ತಿಳಿಯಲು.

ಹೋಗಲಿ, ಎನ್‌ಎಸ್‌ಇಗೇ ಬರುತ್ತೀವಿ ಅಂದಿರೋ, 2024ರ ಮೇ 3ರಿಂದ ಅಲ್ಲಿಯೂ ಒಂದು ಷರತ್ತು: ರೂಪಾಯಿ-ಡಾಲರ್ ವ್ಯವಹಾರ ಮಾಡುವವನಿಗೆ ನಿಜವಾದ ವಿದೇಶಿ ವಿನಿಮಯದ ಹೊಣೆ ಇರಬೇಕು. ಆಮದು, ರಫ್ತು, ಡಾಲರ್ ಸಾಲ, ಇಂಥದ್ದೇನಾದರೂ. ನಮ್ಮೂರಲ್ಲಿ ಡಾಲರಿನಲ್ಲಿ ಉದ್ರಿ ಬರೆಸಿದವರನ್ನು ನಾನಂತೂ ಕಂಡಿಲ್ಲ. ನಮ್ಮ ಉದ್ರಿಯೆಲ್ಲ ಗೊಬ್ಬರದಂಗಡಿಯಲ್ಲಿ, ರೂಪಾಯಿಯಲ್ಲೇ.

ಇಷ್ಟಾಗಿಯೂ ಈ ಸಲದ ಫಾರ್ಮಿನಲ್ಲಿ ಆ 250 ಕ್ವಿಂಟಲ್ ತೋರಿಸುವುದೇ ಆದರೆ ಒಂದು ಉಪಕಾರ ಮಾಡಿ. ಯಾವ ಅಡತಿಯಲ್ಲಿ ನಿಮಗೆ ಪೂರಾ 2,400 ಸಿಕ್ಕಿತು ಎಂಬುದನ್ನು ನಮಗೂ ತಿಳಿಸಿ. ಚೀಲ ತುಂಬಿಟ್ಟುಕೊಂಡು ಕಾಯುತ್ತಿದ್ದೇವೆ.

ಇಂತಿ,
ಪಕ್ಕದ ಹೊಲದವ