ಕೆಂಪು ಬೆಳಕು ಮತ್ತು ದೋಆಬಿನ ಸುಕ್ಕು: ಒಂದು ಮಹಾಪ್ರಬಂಧದ ಸಾರಸಂಗ್ರಹ

ಪೀಠಿಕೆ

ಸೀರೆಗೆ ನಿರಿಗೆ ಬಿದ್ದರೆ ಲಕ್ಷಣ, ಮುಖಕ್ಕೆ ಬಿದ್ದರೆ ಅವಲಕ್ಷಣ. ಈ ತಾರತಮ್ಯ ಯಾವ ಶತಮಾನದಲ್ಲಿ ಹುಟ್ಟಿತೆಂಬ ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಈವರೆಗೆ ಕೈಗೆತ್ತಿಕೊಂಡಿಲ್ಲ. ಕೃಷ್ಣಾ ತುಂಗಭದ್ರೆಯರ ನಡುವಿನ ದೋಆಬಿಗಾಗಿ ರಾಜರು ಶತಮಾನಗಟ್ಟಲೆ ಹೊಡೆದಾಡಿದ್ದನ್ನು, 1520ರ ರಾಯಚೂರು ಕದನವನ್ನು ಎಲ್ಲರೂ ಬರೆದರು. ಅಲ್ಲಿನ ಬಿಸಿಲಿನಲ್ಲಿ ನಿಂತವರ ಮುಖ ಏನಾಯಿತೆಂದು ಒಬ್ಬರೂ ಬರೆಯಲಿಲ್ಲ. ಈ ಕೊರತೆಯನ್ನು ತುಂಬಲು, ಸೂಜಿ ಚುಚ್ಚದೆ, ಕತ್ತರಿ ಹಾಕದೆ ಮುಪ್ಪನ್ನು ಮುಂದೂಡುವ ಕೆಂಪು ಬೆಳಕಿನ ಚಿಕಿತ್ಸೆಯನ್ನು ಪ್ರಸ್ತುತ ಸಂಶೋಧಕನು ಸ್ವಂತ ಖರ್ಚಿನಲ್ಲಿ, ಸ್ವಂತ ಕೆನ್ನೆಯ ಮೇಲೆ ಪರೀಕ್ಷಿಸಿದ್ದಾನೆ.

ಪೂರ್ವಸೂರಿಗಳು

ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಸಿಡುಬಿನ ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿಡಬೇಕೆಂದು 1893ರಲ್ಲಿ ವಾದಿಸಿದ. ಚರ್ಮದ ಕ್ಷಯಕ್ಕೆ ಬೆಳಕಿನಿಂದಲೇ ಮದ್ದು ಮಾಡಿ 1903ರಲ್ಲಿ ನೊಬೆಲ್ ಪಡೆದ. 1967ರಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್, ಲೇಸರ್‌ನಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡಲು ಬೆನ್ನು ಬೋಳಿಸಿದ ಇಲಿಗಳ ಮೇಲೆ ಕೆಂಪು ಕಿರಣ ಬಿಟ್ಟ. ಕ್ಯಾನ್ಸರ್ ಬರಲಿಲ್ಲ, ಬದಲಿಗೆ ಕೂದಲು ಬೇಗ ಬಂತು. ಬೋಳುತಲೆಯವರೂ ಈ ಶಾಸ್ತ್ರದತ್ತ ಆಸೆಗಣ್ಣಿನಿಂದ ನೋಡುವುದಕ್ಕೆ ಆ ಇಲಿಗಳೇ ಕಾರಣ.

ಸ್ವದೇಶಿ ಪುರಾವೆಯೂ ಉಂಟು. ನಮ್ಮ ಮಂತ್ರಿಗಳು ದಶಕಗಳ ಕಾಲ ಕಾರಿನ ನೆತ್ತಿಯ ಮೇಲೆ ಕೆಂಪು ದೀಪ ಹೊತ್ತು ತಿರುಗಿ ಚಿರಯೌವನದಿಂದಿದ್ದರು. 2017ರ ಮೇ 1ರಂದು ಆ ದೀಪ ಕಿತ್ತ ಮೇಲೆ ಅವರೆಲ್ಲ ಹೇಗಾಗಿದ್ದಾರೆಂಬುದನ್ನು ಓದುಗರೇ ಟಿವಿಯಲ್ಲಿ ನೋಡಿಕೊಳ್ಳಬಹುದು.

ಸಿದ್ಧಾಂತ

ನಮ್ಮ ಬಹುತೇಕ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಶಕ್ತಿನಗರಗಳಿವೆ. 630ರಿಂದ 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಬೆಳಕು ಅಲ್ಲಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಉತ್ಪಾದನೆ ಹೆಚ್ಚಿಸುತ್ತದೆ, ಅದರಿಂದ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಕೂಡ ಹೆಚ್ಚುತ್ತದೆ ಎಂಬುದು ಬಲ್ಲವರ ಊಹೆ. ಕೆಲವು ಪ್ರಯೋಗಗಳಲ್ಲಿ ಸಣ್ಣ ಗೆರೆಗಳು ಒಂದಿಷ್ಟು ಮಾಸಿದ್ದೂ ನಿಜ. ಆದರೆ ವಾರಕ್ಕೆ ಹಲವು ಸಲ, ಹಲವು ವಾರ ಕೂರಬೇಕು. ಬೇಗ ಹರೆಯ ಬರಲೆಂದು ದುಪ್ಪಟ್ಟು ಹೊತ್ತು ಕೂತರೆ ಫಲ ಹೆಚ್ಚುವ ಬದಲು ಇಳಿಯುವುದೂ ಉಂಟು. ಮಿರ್ಚಿ ಭಜಿಯ ವಿಷಯದಲ್ಲಿ ನಮಗಿದು ಮೊದಲೇ ಗೊತ್ತಿತ್ತು.

ಪ್ರಯೋಗ ಒಂದು: ರಾಯಚೂರು

ಊರಿನ ನಡುವೆ ತೀನ್ ಕಂದೀಲ್ ಎಂಬ ಜಾಗವಿದೆ. ಒಂದಲ್ಲ, ಮೂರು ಕಂದೀಲು! ಪೂರ್ವಿಕರು ಇಲ್ಲಿ ಬೆಳಕಿನ ಚಿಕಿತ್ಸಾಲಯ ನಡೆಸುತ್ತಿದ್ದರೆಂದು ಸಂಶೋಧಕನು ಆ ಕ್ಷಣವೇ ತೀರ್ಮಾನಿಸಿದ. ವಿರುದ್ಧ ಸಾಕ್ಷ್ಯ ಸಿಗಬಾರದೆಂದು ಮುಂದೆ ಹುಡುಕಲಿಲ್ಲ.

ನಂತರ ಒಂದು ಪಾರ್ಲರ್‌ಗೆ ಹೋದೆ. ನನಗಿಂತ ಮೊದಲಿನ ಗಿರಾಕಿ ಹಾಕಿಕೊಂಡಿದ್ದ ಕೆಂಪು ದೀಪದ ಮುಖವಾಡ ನೋಡಿ, ಬಯಲಾಟದ ರಾಕ್ಷಸ ರಂಗಕ್ಕೆ ಬರುವ ಮುಂಚೆ ಕೂತು ಕಾಯುತ್ತಿದ್ದಾನೆ ಅನ್ನಿಸಿತು. ನನ್ನ ಪಾಲಿಗೆ ಬಂದದ್ದು ಹಲಗೆಯಂಥ ದೀಪ. ಹತ್ತು ನಿಮಿಷ ಎಡಗೆನ್ನೆ, ಹತ್ತು ನಿಮಿಷ ಬಲಗೆನ್ನೆ ಎಂದು ಲೆಕ್ಕ. ಎಡಗೆನ್ನೆ ಮುಗಿಯುತ್ತಿದ್ದಂತೆ ಕರೆಂಟ್ ಹೋಯಿತು. 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ಬೆಳಕು ಕೊಡುತ್ತಿರುವ, 1720 ಮೆಗಾವಾಟ್ ಸಾಮರ್ಥ್ಯದ ಶಕ್ತಿನಗರದ ವಿದ್ಯುತ್ ಸ್ಥಾವರ ಇದೇ ಜಿಲ್ಲೆಯಲ್ಲಿದೆ. ದೀಪದ ಬುಡಕ್ಕೆ ಕತ್ತಲು ಎಂಬ ಗಾದೆಗೆ ಇಷ್ಟು ದುಬಾರಿ ಪುರಾವೆ ಯಾರೂ ಕೊಟ್ಟಿರಲಾರರು. ಎಡಗೆನ್ನೆ ಹರೆಯದ ಹೊಸ್ತಿಲಲ್ಲಿ, ಬಲಗೆನ್ನೆ ನಿವೃತ್ತಿಯ ಅಂಚಿನಲ್ಲಿ ಇರುವಾಗ ಸಂಶೋಧಕನು ಪೂರ್ತಿ ಹಣ ಕೊಟ್ಟು ಹೊರಬಂದ.

ಪ್ರಯೋಗ ಎರಡು: ಮಾನ್ವಿ

ಕರೆಂಟ್ ಬೇಡದ ಕೆಂಪು ಬೆಳಕೆಂದರೆ ಸಂಜೆಯ ಸೂರ್ಯ. ಇಳಿಹೊತ್ತಿನ ಕಿರಣ ಗಾಳಿಯಲ್ಲಿ ದೂರ ಹಾದು ಬರುವಾಗ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ. ಚರ್ಮ ಕೆಡಿಸುವ ನೇರಳಾತೀತವೂ ತಗ್ಗಿರುತ್ತದೆ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಬದಿಗೆ ರೈತರು ನೀರು ಕಾಯುತ್ತ ಕೂತಿದ್ದರು. ಈ ಚಿಕಿತ್ಸೆ ಅವರಿಗೆ ಪುಕ್ಕಟೆ ದಕ್ಕುತ್ತಿದೆ. ಆದರೂ ಅವರ ಹಣೆಯ ಮೇಲೆ ಉತ್ತ ಹೊಲದಂಥ ಸಾಲುಗಳು! ಸಿದ್ಧಾಂತಕ್ಕೆ ಧಕ್ಕೆ ಬಂತಲ್ಲ ಎಂದು ಗಾಬರಿಯಾಗಿ ಕೇಳಿದೆ: "ಯಜಮಾನ್ರೆ, ದಿನಾ ಕೆಂಪು ಬೆಳಕು ತಗೊಂಡರೂ ಈ ಗೆರೆ ಯಾಕೆ?"

"ಸಂಜಿಮುಂದ ತಗೊಂತೀವ್ರಿ. ಮುಂಜಾನಿಂದ ಸಂಜಿತನ ತಗೊಂಡಿದ್ದು ಎಲ್ಲಿಗೆ ಹೊಕ್ಕೈತ್ರಿ?"

ಚರ್ಮಶಾಸ್ತ್ರದ ದಪ್ಪ ಗ್ರಂಥಗಳು ಹೇಳುವುದೂ ಇದನ್ನೇ. ಹಗಲಿನ ನೇರಳಾತೀತ ಕಿರಣ ಚರ್ಮದ ಒಳಪದರಕ್ಕಿಳಿದು ಕೊಲಾಜೆನ್ ಕಡಿಯುತ್ತದೆ. ಸುಕ್ಕಿನ ಬಹುಪಾಲು ವಯಸ್ಸು ಬರೆದದ್ದಲ್ಲ, ಬಿಸಿಲು ಬರೆದದ್ದು. ಇಲ್ಲಿ ಹಣೆಬರಹ ಬರೆಯುವವನು ಬ್ರಹ್ಮನಲ್ಲ, ಸೂರ್ಯ.

ಪ್ರಯೋಗ ಮೂರು: ದೇವದುರ್ಗ

ದೇವದುರ್ಗದ ಹತ್ತಿರ ಒಂದು ಹೊಲದಲ್ಲಿ ಹೆಣ್ಣುಮಕ್ಕಳು ಹತ್ತಿ ಬಿಡಿಸುತ್ತಿದ್ದರು. ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೇ ಅಂಗಿ, ತೋಳಿನ ಗುಂಡಿ ಮಣಿಕಟ್ಟಿನವರೆಗೆ ಬಿಗಿ. ತಲೆ, ಕಿವಿ, ಗದ್ದ ಸುತ್ತಿ ಟವಲ್. ಕಾಣುವುದು ಎರಡು ಕಣ್ಣು. ಒಡಲಿಗೆ ಕಟ್ಟಿದ ಉಡಿಗೆ ಹತ್ತಿ ಬೀಳುತ್ತಲೇ ಇತ್ತು. ನಾನು ಕೆಂಪು ಬೆಳಕಿನ ಮಹಿಮೆಯನ್ನು ಅರ್ಧ ತಾಸು ವಿವರಿಸಿದೆ. ಹಿರಿಯಳೊಬ್ಬಳು ಕೈ ನಿಲ್ಲಿಸದೆ ಹೇಳಿದಳು:

"ದೀಪ ಆಮ್ಯಾಲ ಹಚ್ಚಿಕೊಳ್ಳವಂತಿರಿ. ಮೊದಲ ತಲಿಗೆ ಏನಾರ ಸುತ್ತಿಕೊಳ್ರಿ ಯಣ್ಣಾ, ಮಾರಿ ಆಗ್ಲೇ ಕಮರೇತಿ."

ಫಲಿತಾಂಶ ಮತ್ತು ಶಿಫಾರಸು

ಎಡಗೆನ್ನೆ ಬಲಗೆನ್ನೆಗಳ ನಡುವಿನ ವಯೋಭೇದ ಆ ಹೊಲದಲ್ಲಿ ಅರ್ಧ ತಾಸಿನಲ್ಲಿ ಅಳಿದುಹೋಯಿತು. ಎರಡೂ ಸಮನಾಗಿ ಸುಟ್ಟಿದ್ದವು. ಇದರಿಂದ ಹೊರಟ ನಿಯಮ: ನೆರಳಿನಲ್ಲಿರುವವರು ದೀಪ ಕೊಳ್ಳುತ್ತಾರೆ, ಬಿಸಿಲಿನಲ್ಲಿರುವವರು ನೆರಳು ಹೊಲಿದುಕೊಳ್ಳುತ್ತಾರೆ.

ಶಿಫಾರಸುಗಳು: ಒಂದು, ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನಡಿ ಇಲ್ಲಿನ ಮುಖಗಳಿಗೆ ಐದು ವರ್ಷ ವಯೋಮಿತಿ ಸಡಿಲಿಕೆ ಕೊಡಬೇಕು. ಎರಡು, ಗಂಡನ ಹಳೇ ಅಂಗಿಯನ್ನು ಸೂಜಿರಹಿತ ಮುಪ್ಪುನಿವಾರಕ ಸಾಧನವೆಂದು ಘೋಷಿಸಬೇಕು.

ಎರಡನೆಯದನ್ನು ಸ್ವತಃ ಪರೀಕ್ಷಿಸಲು ಮನೆಗೆ ಬಂದು ನನ್ನ ಹಳೇ ಅಂಗಿ ಹುಡುಕಿದೆ. ಹೆಂಡತಿ ಅದನ್ನು ಎಂದೋ ನೆಲ ಒರೆಸಲು ಹಾಕಿದ್ದಳು. ನಮ್ಮ ಮನೆಯ ನೆಲಕ್ಕೆ ಈವರೆಗೆ ಒಂದೂ ಸುಕ್ಕು ಬಂದಿಲ್ಲವೆಂಬುದನ್ನು ಪೂರಕ ಸಾಕ್ಷ್ಯವಾಗಿ ಇದರೊಂದಿಗೆ ಲಗತ್ತಿಸಿದೆ.