ಹಿಂಭಾರ

"ನನ್ನ ಮಗ ಕೆನಡಾದಲ್ಲಿ ಪೈಲಟ್" ಎಂದು ಅಮ್ಮ ತಿಪಟೂರಿನಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದ ವರ್ಷ, ನಾನು ಯೆಲ್ಲೋನೈಫಿನಲ್ಲಿ ಆಲೂಗಡ್ಡೆ ಮೂಟೆ ಹೊರುತ್ತಿದ್ದೆ. ಅಮ್ಮ ಹೇಳಿದ್ದು ಸುಳ್ಳೇನಲ್ಲ. ಲೈಸೆನ್ಸು ಜೇಬಿನಲ್ಲೇ ಇತ್ತು, ಮೂಟೆ ಮಾತ್ರ ಬೆನ್ನ ಮೇಲಿತ್ತು. ಉತ್ತರ ಕೆನಡಾದ ಸಣ್ಣ ಕಂಪನಿಗಳಲ್ಲಿ ಹೊಸ ಪೈಲಟ್ಟಿಗೆ ಸೀಟು ಕೊಡುವ ಮೊದಲು ಹಮಾಲಿ ಮಾಡಿಸುವುದು ಹಳೆಯ ಪದ್ಧತಿ. ರಸ್ತೆಯೇ ಇಲ್ಲದ ಊರುಗಳಿಗೆ ಡೀಸೆಲ್ ಡ್ರಮ್ಮಿನಿಂದ ಹಿಡಿದು ಮಕ್ಕಳ ಡಯಾಪರಿನವರೆಗೆ ಎಲ್ಲವೂ ವಿಮಾನವೇರಬೇಕಲ್ಲ! "ನಿಮ್ಮಪ್ಪನ ಹಂಗೆ ಲೋಡು ಲೋಡು ಅಂತ ಸಾಯ್ಬೇಡ" ಎಂದು ಸಾಲ ಮಾಡಿ ಓದಿಸಿದವಳು ಅಮ್ಮ. ಅಪ್ಪನದು ಕೊಬ್ಬರಿ ಲಾರಿ.

ಚಳಿಗಾಲ ಬಂತು. ಮೈನಸ್ 40 ಡಿಗ್ರಿ ಸೆಲ್ಸಿಯಸ್ಸಿನಲ್ಲೂ ಒಂದೇ, ಫ್ಯಾರನ್‌ಹೀಟಿನಲ್ಲೂ ಒಂದೇ. ಯಾವ ಲೆಕ್ಕದಲ್ಲಿ ನಡುಗಿದರೂ ರಿಯಾಯಿತಿ ಇಲ್ಲ. ರಾತ್ರಿ ವಿಮಾನದ ಬ್ಯಾಟರಿ ಬಿಚ್ಚಿ ಒಳಗೆ ತಂದಿಟ್ಟುಕೊಳ್ಳುತ್ತಿದ್ದೆವು. ಎಂಜಿನ್ನಿಗೆ ಬಾಣಂತಿಯ ಉಪಚಾರ: ಮೈತುಂಬ ಹೊದಿಕೆ, ಬೆಳಿಗ್ಗೆ ಬಿಸಿಗಾಳಿ. ರೆಕ್ಕೆಯ ಮೇಲೆ ಹೆಪ್ಪುಗಟ್ಟಿದ ತೆಳ್ಳನೆಯ ಪದರ ಉಳಿದರೂ ಸಾಕು, ರೆಕ್ಕೆಯ ಎತ್ತುವ ಶಕ್ತಿ ಕುಂದುತ್ತದೆ. ಹಾಗಾಗಿ ಗುಡಿಸಬೇಕು. ಲಕ್ಷಗಟ್ಟಲೆ ಸುರಿದು ಕಲಿತ ವಿದ್ಯೆಯ ಮೊದಲ ಆಯುಧ ಪೊರಕೆ!

ಒಂದು ದಿನ ಅಮ್ಮನ ವಿಡಿಯೋ ಕಾಲ್ ಬಂದಾಗ ಆ ಪೊರಕೆ ಕೈಯಲ್ಲೇ ಇತ್ತು.

"ಇಲ್ಲಿ ಒಂದಿನ ಕಸ ಗುಡಿಸಿದೋನಲ್ಲ, ಅಲ್ಲಿ ಯಾರ ಮನೆ ಗುಡಿಸ್ತಿದ್ದೀಯೋ?"

"ಮನೆಯಲ್ಲಮ್ಮ, ವಿಮಾನ."

ಪಕ್ಕದಲ್ಲಿ ಹೆಣ್ಣಿನ ಕಡೆಯವರು ಕೂತಿದ್ದರಂತೆ. ಆ ಸಂಬಂಧ ಅಲ್ಲೇ ಹೆಪ್ಪುಗಟ್ಟಿತು.

ಮನಸ್ಸು ಕುಗ್ಗಿದಾಗಲೆಲ್ಲ ಊರ ಬಂಡೆಯ ಮೇಲಿರುವ, ರಸ್ತೆಯಿಲ್ಲದ ಕಡೆಗೆ ಹಾರಿದ ಬುಷ್ ಪೈಲಟ್‌ಗಳ ಸ್ಮಾರಕಕ್ಕೆ ಮೆಟ್ಟಿಲು ಹತ್ತುತ್ತಿದ್ದೆ. ಅಲ್ಲಿ ನಿಂತಾಗ 1929ರ ಜನವರಿ ನೆನಪಾಗುತ್ತಿತ್ತು. ವಾಪ್ ಮೇ ಮತ್ತು ವಿಕ್ ಹಾರ್ನರ್ ಎಂಬಿಬ್ಬರು ತಲೆಯ ಮೇಲೆ ಸೂರಿಲ್ಲದ ಪುಟ್ಟ ವಿಮಾನದಲ್ಲಿ, ಎಡ್ಮಂಟನ್ನಿನಿಂದ ಫೋರ್ಟ್ ವರ್ಮಿಲಿಯನ್ನಿಗೆ ಡಿಫ್ತೀರಿಯಾ ಔಷಧಿ ಒಯ್ದಿದ್ದರು. ಕೆನಡಾ ಕೊಂಡಾಡಿದ ಆ ಸಾಹಸವೂ ಕೊನೆಗೆ ಸಾಮಾನು ತಲುಪಿಸುವ ಕೆಲಸವೇ ಅಲ್ಲವೆ? ಸಮಾಧಾನವಾಗುತ್ತಿತ್ತು.

ಬೇಸಿಗೆಗೆ ಅಂತೂ ನನಗೊಂದು ಬೀವರ್ ವಿಮಾನ ಸಿಕ್ಕಿತು. 1947ರಲ್ಲಿ ಮೊದಲು ಹಾರಿದ ಮಾದರಿ, ವಂಶದಲ್ಲಿ ಅಪ್ಪನಿಗಿಂತ ಹಿರಿದು. ಹಾರುತ್ತಲೇ ಎಂಜಿನ್ನಿಗೆ ಎಣ್ಣೆ ಹುಯ್ಯಲು ಕಾಕ್‌ಪಿಟ್ಟಿನೊಳಗೇ ಮುಚ್ಚಳವಿದೆ, ಒಲೆ ಮುಂದೆ ಕೂತು ಒಗ್ಗರಣೆ ಹಾಕಿದಂತೆ. ಚಳಿಗಾಲದಲ್ಲಿ ಕಾಲಿಗೆ ಹಿಮದ ಜಾರುಪಟ್ಟಿ, ಬೇಸಿಗೆಯಲ್ಲಿ ನೀರ ಮೇಲೆ ತೇಲುವ ದೋಣಿ. ಸರೋವರ ಹೆಪ್ಪುಗಟ್ಟುವಾಗ ಮತ್ತು ಕರಗುವಾಗ ಎರಡೂ ನಡೆಯುವುದಿಲ್ಲ. ಆ ಕೆಲವು ವಾರ ನಾವೂ ವಿಮಾನವೂ ಎಡಬಿಡಂಗಿಗಳು.

ಮೊದಲ ಹಾರಾಟದ ಹಿಂದಿನ ರಾತ್ರಿ ತೂಕದ ಲೆಕ್ಕ ಎಷ್ಟು ಕೂಡಿದರೂ ಧೈರ್ಯ ಬರಲಿಲ್ಲ. ಅಪ್ಪನಿಗೆ ಫೋನು ಮಾಡಿದೆ.

"ಹಿಂಭಾರ ಮಾಡ್ಬೇಡ ಕಣೋ," ಅಂದರು. "ನಿಮ್ಮ ತಾತನ ಗಾಡೀಲಿ ಹಿಂಭಾರ ಆಗಿ ನೊಗ ಮೇಲೆದ್ದು, ಎತ್ತಿನ ಕುತ್ತಿಗೆಗೆ ಉರುಳು ಬಿದ್ದಿತ್ತು."

ವಿಮಾನದ ಶಾಲೆ ಗುರುತ್ವಕೇಂದ್ರವೆಂದು ವಾರಗಟ್ಟಲೆ ಕೊರೆದದ್ದೂ ಇದನ್ನೇ. ಹಿಂದೆ ಭಾರವಾದರೆ ಮೂತಿ ಮೇಲೇಳುತ್ತದೆ.

ಫೋನನ್ನು ಅಮ್ಮನಿಗೆ ಕೊಡುವ ಮುಂಚೆ ಅಪ್ಪ ದನಿ ತಗ್ಗಿಸಿದರು. "ಎಷ್ಟು ಟನ್ನು ಎಳೆಯುತ್ತೋ ನಿನ್ನ ಗಾಡಿ?"

"ಅರ್ಧ ಟನ್ನು, ಅಪ್ಪ."

ಅತ್ತ ಕಡೆ ಸ್ವಲ್ಪ ಹೊತ್ತು ಮೌನ.

"ಹೋಗ್ಲಿ ಬಿಡು," ಅಂದರು. "ಎಲ್ಲಾರೂ ಸಣ್ಣ ಗಾಡಿಯಿಂದಲೇ ಶುರು ಮಾಡೋದು."